ಬರಿಗಿವಿಯ ಕರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಮಾಡಿನ ಕೊಟ್ಟಿಗೆಯಲ್ಲಿ, ಹಸುವಿನ ಹೊಟ್ಟೆಗೆ ಹಣೆಯಾನಿಸಿ ಕೂತು, ಬೀದಿಯವರೆಲ್ಲರ ‘ಕೊಟ್ಟಿಗೆ ಅಕ್ಕ’ ಹಾಲು ಕರೆಯುತ್ತಿದ್ದಾರೆ. ಪಾತ್ರೆಯ ತಳಕ್ಕೆ ಬಡಿಯುತ್ತಿದ್ದ ಹಾಲಿನ ಸದ್ದು ನೊರೆ ಏರಿದಂತೆ ಮೆತ್ತಗಾಗುತ್ತದೆ. ಕರುವಿಗೆ ನಾಲ್ಕು ಗುಟುಕು ಕುಡಿಸಿ, ಹಸು ಸೊರೆ ಬಿಟ್ಟ ಮೇಲೆ ಕರುವನ್ನು ಎಳೆದು ಗೂಟಕ್ಕೆ ಕಟ್ಟಿದ್ದಾಗಿದೆ. ಅದು ಅಲ್ಲಿಂದಲೇ ಕತ್ತು ಚಾಚಿ ಅಕ್ಕನ ಬಟ್ಟೆಯ ಅಂಚು ಚೀಪುತ್ತಿದೆ. "ಬಿಡೇ ಕಳ್ಳಿ, ನಿನ್ನೆ ತಾನೇ ಒಗ್ದಿದ್ದೀನಿ" ಅನ್ನುತ್ತಾರೆ. ಅಂಚನ್ನು ಮಾತ್ರ ಬಿಡಿಸಿಕೊಳ್ಳುವುದಿಲ್ಲ.

ಹಸುವಿನ ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ ಬಿಲ್ಲೆಯಿದೆ, ಅದರ ಮೇಲೆ ಉದ್ದನೆಯ ನಂಬರು. ಸರ್ಕಾರ ಎಲ್ಲ ಜಾನುವಾರುಗಳಿಗೂ ಹಾಕಿಸುತ್ತಿರುವ ಗುರುತು ಇದು. ಹಸು ಯಾರದು, ಎಲ್ಲಿದೆ, ಯಾವಾಗ ಈದಿತು, ಎಲ್ಲವೂ ಆ ನಂಬರಿನ ಹಿಂದೆ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಬೀದಿಯವರು ಇದನ್ನು ಓಲೆ ಅನ್ನುತ್ತಾರೆ. ನಾಲ್ಕು ತಿಂಗಳ ಕರುವಿನ ಕಿವಿ ಮಾತ್ರ ಬರಿದು. ಅದು ಬರಿದಾಗಿಯೇ ಇರಬೇಕೆಂದು ಅಕ್ಕ ಹಟ ಹಿಡಿದಿದ್ದಾರೆ. ಓಲೆ ಹಾಕಲು ಬರುವ ಹುಡುಗಿಯನ್ನು ಮೂರು ಸಲ ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸು ಕಳಿಸಿದ್ದಾರೆ.

ಇದು ಮೊಂಡುತನವೆಂದು ಡೇರಿಯಲ್ಲಿ ಮಾತು. ಆದರೆ ಅಕ್ಕ ಪಾಲಿಗೆ ಸಾಕುವವರು. ಹಸು ಕೊಳ್ಳುವ ಶಕ್ತಿಯಿದ್ದು ಸೆಗಣಿ ಬಾಚುವ ಮನಸ್ಸಿಲ್ಲದವರು ಎಳೆಯ ಹೆಣ್ಗರುವೊಂದನ್ನು ತಂದು ಇವರ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಮೇವು, ನೀರು, ಬಾಣಂತನ ಇವರದು, ಹಾಲೂ ಇವರದು. ಮೊದಲ ಸೂಲಿನ ಕರು ಕಟ್ಟಿದವರಿಗೆ, ಎರಡನೆಯದು ಸಾಕಿದವರಿಗೆ. ಕಾಗದವಿಲ್ಲ, ಬರೀ ಬಾಯಿಮಾತು. ಮದುವೆಯಾಗಿ ಬಂದ ವರ್ಷದಿಂದ ಅಕ್ಕ ಮಾಡುತ್ತಿರುವುದು ಇದೇ. ಇವರ ಪಾಲಿಗೆ ಬಂದದ್ದು ಹೆಚ್ಚೂಕಡಿಮೆ ಹೋರಿಗರುಗಳೇ. ಒಮ್ಮೆ ಹೆಣ್ಣು ಹುಟ್ಟಿತ್ತು, ವಾರದೊಳಗೆ ಭೇದಿಯಾಗಿ ಹೋಯಿತು.

ಮೇಯಿಸಲು ಹೊಡೆದುಕೊಂಡು ಹೊರಟರೆ ದಾರಿಯಲ್ಲಿ ಯಾರಾದರೂ ಕೇಳುತ್ತಾರೆ, "ಲಕ್ಷಣವಾಗಿದೆಯಲ್ಲ, ಯಾರದಮ್ಮ ಹಸು?" ಅಕ್ಕನ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಮೇಷ್ಟ್ರದ್ದು. ಟೈಲರ್ ಮನೆಯದ್ದು. ಈಗ, ಅಂಗಡಿಯವರದ್ದು.

"ಮನೆ ಮೈದುನನ ಹೆಸರಲ್ಲಿ, ಕರೆಂಟು ನಮ್ಮನೆಯವರ ಹೆಸರಲ್ಲಿ, ಹಸು ಊರೋರ ಹೆಸರಲ್ಲಿ. ನನ್ನ ಹೆಸರಲ್ಲಿರೋದು ಸೊಂಟನೋವು ಒಂದೇ" ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಆ ಉತ್ತರ ಬದಲಾಗಬೇಕಿದ್ದದ್ದು ಈ ಕರುವಿನಿಂದ. ಹಸುವನ್ನು ಕಟ್ಟಿದವರು ತಿರುವಿನ ಕಿರಾಣಿ ಅಂಗಡಿಯ ಅಮ್ಮ. ಮೊದಲ ಕರುವನ್ನು ಅವರೇ ಹೊಡೆದುಕೊಂಡು ಹೋಗಿ ಮಾರಿದರು. ಎರಡನೆಯದು ಹುಟ್ಟಿದ ಬೆಳಿಗ್ಗೆ ಮುಖವನ್ನೂ ತೊಳೆಯದೆ ಓಡಿಬಂದು, "ಹೆಣ್ಣು ಕಣೇ. ಕೊನೆಗೂ ನಿನಗೆ ಒಲಿದ್ಲು ನೋಡು" ಎಂದು ಅಕ್ಕನ ಕೈ ಹಿಡಿದಿದ್ದರು.

ವಾರ ಕಳೆಯುವುದರೊಳಗೆ ಆ ಅಮ್ಮನ ಗಂಡ, ಅಂಗಡಿ ಯಜಮಾನರ ಫೋನಿಗೆ ಒಂದು ಸಂದೇಶ ಬಂತು: ನಿಮ್ಮ ಹೆಸರಿನಲ್ಲಿ ಎರಡು ಜಾನುವಾರುಗಳಿವೆ. ಹಸು ಈದದ್ದನ್ನು ಪಶು ಆಸ್ಪತ್ರೆಯವರು ದಾಖಲಿಸಿದ್ದರು. ತಾಯಿಯ ನಂಬರು ಯಾರ ಹೆಸರಿನಲ್ಲಿದೆಯೋ ಕರುವೂ ಅವರದೇ ಎಂದು ಕಂಪ್ಯೂಟರು ತಾನೇ ತೀರ್ಮಾನಿಸಿತು. ಹಸು ಕಪ್ಪೋ ಕೆಂಪೋ ಎಂದೂ ತಿಳಿಯದ ಯಜಮಾನರು ಅಂದಿನಿಂದ ಸಂಜೆ ಹೊತ್ತು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಲ್ಲತೊಡಗಿದರು. "ಚೆನ್ನಾಗಿ ಬೆಳೀತಿದೆ ನಮ್ಮ ಕರು" ಅನ್ನುತ್ತಾರೆ. ಕೆಟ್ಟ ಮನುಷ್ಯನಲ್ಲ. ತನ್ನದು ಎಂದು ಸರ್ಕಾರವೇ ಹೇಳುವಾಗ ಅಲ್ಲವೆನ್ನಲು ಅವರಿಗೆ ಕಾರಣ ಕಾಣುತ್ತಿಲ್ಲ, ಅಷ್ಟೆ.

ಅಂಗಡಿಯ ಅಮ್ಮ ಹಿತ್ತಿಲಿನಿಂದ ಬಂದು ಬಾನಿಯ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡರಂತೆ. "ಮಾತು ಕೊಟ್ಟೋಳು ನಾನು. ಆದ್ರೆ ಮಾತು ನನ್ನ ಬಾಯಲ್ಲಿದೆ, ಫೋನು ಅವರ ಜೇಬಲ್ಲಿದೆ. ಏನ್ ಮಾಡ್ಲಿ ಹೇಳು?"

ಮಾರನೆಯ ದಿನ ಅಕ್ಕ ಬೀದಿಯಲ್ಲಿ ಪಾಲಿಗೆ ಸಾಕುವ ಹೆಂಗಸರನ್ನೆಲ್ಲ ಕಟ್ಟಿಕೊಂಡು ಪಶು ಇಲಾಖೆಯ ಕಚೇರಿಗೆ ಹೋದರು. ಅಧಿಕಾರಿ ಸಭ್ಯ, ಎಲ್ಲರಿಗೂ ಕುರ್ಚಿ ಹಾಕಿಸಿದರು.

"ಪಾಲಿಗೆ ಅಂತ ತೋರಿಸೋಕೆ ಕಂಪ್ಯೂಟರಲ್ಲಿ ಜಾಗ ಇಲ್ಲಮ್ಮ. ಒಂದು ಹಸುಗೆ ಒಬ್ಬರೇ ಮಾಲೀಕರು. ಬೇಕಿದ್ರೆ ಅವರು ನಿಮಗೆ ಮಾರಿದ ಹಾಗೆ ತೋರಿಸಲಿ."

"ನನ್ನ ಕರುನ ನಾನೇ ಕೊಂಡ್ಕೋಬೇಕಾ ಸಾರ್?"

ಅಧಿಕಾರಿ ತಲೆಯ ಮೇಲಿನ ಫ್ಯಾನು ನೋಡಿದರಂತೆ. "ಕರೆಂಟ್ ಹೋಗಿದೆಯೇನೋ ಅಂದ್ಕೊಂಡು ನಾನೂ ನೋಡ್ದೆ. ಚೆನ್ನಾಗೇ ತಿರುಗ್ತಿತ್ತು" ಎನ್ನುತ್ತಾರೆ ಅಕ್ಕ.

ಕರುವಿನ ಕಿವಿಗೆ ಓಲೆ ಬಿದ್ದರೆ ಅದು ಅಂಗಡಿಯವರದೆಂಬುದು ಗಟ್ಟಿಯಾಗುತ್ತದೆ. ಬೀಳದಿದ್ದರೆ, ಓಲೆಯಿಲ್ಲದ ಜಾನುವಾರಿರುವ ಕೊಟ್ಟಿಗೆಯ ಹಾಲು ಬೇಡವೆಂಬ ಹೊಸ ನಿಯಮದಂತೆ, ಮುಂದಿನ ತಿಂಗಳಿನಿಂದ ಈ ಕೊಟ್ಟಿಗೆಯ ಹಾಲನ್ನು ಡೇರಿ ತೆಗೆದುಕೊಳ್ಳುವುದಿಲ್ಲ. ಅತ್ತ ದರಿ, ಇತ್ತ ಪುಲಿ. ನಡುವೆ ಅಕ್ಕ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗಿ ಬರುತ್ತಾರೆ, ಸೆಗಣಿ ಬಾಚುತ್ತಾರೆ, ಹುಲ್ಲು ತರುತ್ತಾರೆ. ಸಿಟ್ಟು ಬಂದ ದಿನ ಹಸುವಿನ ಮೈ ಹೆಚ್ಚು ಉಜ್ಜುತ್ತಾರೆ. ಈಚೆಗೆ ಹಸು ಮಿರಮಿರ ಮಿಂಚುತ್ತಿದೆ.

ಬಿಸಿಲೇರುವ ಹೊತ್ತಿಗೆ ಓಲೆ ಹಾಕುವ ಹುಡುಗಿ ನಾಲ್ಕನೆಯ ಸಲ ಸ್ಕೂಟರ್ ನಿಲ್ಲಿಸುತ್ತಾಳೆ. ಹೆಗಲಲ್ಲಿ ಲಸಿಕೆಯ ಡಬ್ಬಿ, ಕೈಯಲ್ಲಿ ಓಲೆ ಚುಚ್ಚುವ ಇಕ್ಕಳ.

"ಅಕ್ಕಾ, ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡಿ. ನಿಮ್ಮ ಕೊಟ್ಟಿಗೆ ಒಂದೇ ಬಾಕಿ."

"ಕೂತ್ಕೋ ಬಾ, ಟೀ ಕುಡಿ. ಇಕ್ಕಳ ಪಕ್ಕಕ್ಕಿಡು."

"ರೋಗ ಹರಡಿದ್ರೆ ಎಲ್ಲಿಂದ ಬಂತು ಅಂತ ತಿಳೀಬೇಕಲ್ಲ. ಅದಕ್ಕೇ ತಾನೇ ಇದೆಲ್ಲ?"

"ಸೂಜಿ ಹಾಕು, ಬೇಡ ಅಂದೋರ್ಯಾರು? ನಾನೇ ಹಿಡ್ಕೋತೀನಿ. ಜ್ವರ ಬರೋಕೆ ಮಾಲೀಕರ ಹೆಸರು ಯಾಕೆ ಬೇಕು?"

ಜಗುಲಿಯಲ್ಲಿ ಬೂಟಿಗೆ ಲೇಸು ಕಟ್ಟುತ್ತಿದ್ದ ಅಕ್ಕನ ಗಂಡ ಬಾಯಿ ಹಾಕುತ್ತಾರೆ. "ನನಗೊಂದು ಓಲೆ ಹಾಕಮ್ಮ. ಸಂಜೆ ಎಲ್ಲಿದ್ದೆ ಅಂತ ಇವಳು ದಿನಾ ಕೇಳೋದು ತಪ್ಪುತ್ತೆ."

"ನಿಮ್ಮದು ನಂಬರಿಲ್ಲದೇನೇ ಗೊತ್ತು. ನಡೀರಿ, ಬಸ್ ತಪ್ಪುತ್ತೆ" ಎನ್ನುತ್ತಾರೆ ಅಕ್ಕ.

ಹುಡುಗಿ ನಗುತ್ತಾಳೆ. ಮತ್ತೆ ಮುಖ ಸಪ್ಪಗಾಗುತ್ತದೆ. "ಹಾಲು ನಿಲ್ಸಿಬಿಡ್ತಾರೆ ಅಕ್ಕಾ, ನಿಜವಾಗ್ಲೂ."

"ಹಾಲಿಗೆ ಟೀ ಅಂಗಡಿ ಇದೆ. ಕಮ್ಮಿ ಕೊಡ್ತಾನೆ, ಕೊಡಲಿ. ನಿನ್ನೆ ಮಾತಾಡಿ ಬಂದಿದ್ದೀನಿ."

ಅಲ್ಲಿಗೆ ತೀರ್ಮಾನವಾಗಿದೆ ಎಂದು ಹುಡುಗಿಗೆ ಗೊತ್ತಾಗುತ್ತದೆ. ಟೀ ಕುಡಿದು ಲೋಟ ತೊಳೆದಿಟ್ಟು, ಇಕ್ಕಳ ಮುಟ್ಟದೆ ಲಸಿಕೆ ತೆಗೆಯುತ್ತಾಳೆ. ಅಕ್ಕ ಕರುವಿನ ಕತ್ತನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. ಸೂಜಿ ಚುಚ್ಚಿದಾಗ ಕರು ಒದೆಯುತ್ತದೆ, ಒದೆ ಅಕ್ಕನ ಮೊಣಕಾಲಿಗೆ ಬೀಳುತ್ತದೆ. "ಒದಿ ಒದಿ, ನಮ್ಮೋರೇ ಅಲ್ವಾ" ಎಂದು ಕಿವಿಯ ಹಿಂದೆ ಕೆರೆಯುತ್ತಾರೆ. ಬಿಸಿಲು ಆ ಕಿವಿಯನ್ನು ಹಾದು ಬರುವಾಗ ಒಳಗಿನ ಸಣ್ಣ ನರಗಳೆಲ್ಲ ಕೆಂಪಗೆ ಕಾಣುತ್ತವೆ.

"ನಿಮ್ಮ ಸಾರ್‌ಗೆ ಹೇಳು" ಎನ್ನುತ್ತಾರೆ ಅಕ್ಕ. "ಎರಡು ಹೆಸರಿಗೆ ಜಾಗ ಮಾಡ್ಲಿ. ಕಟ್ಟಿದೋರದ್ದು ಒಂದು, ಸಾಕಿದೋರದ್ದು ಒಂದು. ಆಮೇಲೆ ಬೇಕಾದ್ರೆ ಎರಡೂ ಕಿವಿಗೆ ಹಾಕು."

"ಹೇಳ್ತೀನಿ. ಈಗ ಲಸಿಕೆ ಹಾಕಿದ್ದಕ್ಕೆ ಕೇಳುತ್ತೆ ಇದು." ಹುಡುಗಿ ಫೋನು ತೆರೆದು ಹಿಡಿದಿದ್ದಾಳೆ. "ಯಾರ ಕರು ಅಂತ ಬರ್ಕೊಳ್ಳಲಿ?"

ಅಕ್ಕ ಮೊಣಕಾಲು ಉಜ್ಜಿಕೊಂಡು ಏಳುತ್ತಾರೆ.

"ಬರ್ಕೋಬೇಡ. ಕೇಳಿಸ್ಕೋ, ಸಾಕು. ನನ್ನದು."