ಗಟ್ಟಿ ಕ್ಲಚ್ಚು, ತೊಟ್ಟಿಲಿನ ಹೊತ್ತು

ನಮ್ಮವರು ತಮ್ಮ ಕೆಂಪು ಸ್ಪೋರ್ಟ್ಸ್ ಕಾರಿಗೆ ರೇಸಿನ ಕ್ಲಚ್ ಹಾಕಿಸಿದ್ದಾರೆ. ಅದನ್ನು ತುಳಿಯಲು ಮೈಭಾರವೆಲ್ಲ ಎಡಗಾಲಿಗೆ ಬರಬೇಕು. ಬಿಡುವಾಗ ಒಮ್ಮೆಲೇ ಹಿಡಿದು ಎಂಜಿನ್ನೇ ನಿಂತುಹೋಗುತ್ತದೆ. ಅವರ ಕಾಲು ಉಳುಕಿದ್ದರಿಂದ, ಲಕ್ಷ್ಮೇಶ್ವರದಲ್ಲಿ ನನ್ನ ತಮ್ಮನ ಮಗಳಿಗೆ ಹೆಸರಿಡುವ ದಿನ ಗದಗಿನಿಂದ ನಾನೇ ಕಾರು ಓಡಿಸಬೇಕಾಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ನಾನು. ಮುಹೂರ್ತ ಹನ್ನೊಂದಕ್ಕಿತ್ತು.

"ದಾರ್‍ಯಾಗ ಎಲ್ಲೂ ನಿಲ್ಲಸಬ್ಯಾಡ," ಎಂದು ನಮ್ಮವರು ಹೊಸ್ತಿಲಲ್ಲೇ ಹೇಳಿದ್ದರು.

ಮಲ್ಲಸಮುದ್ರದಲ್ಲೇ ಪಕ್ಕದಲ್ಲಿದ್ದ ಅತ್ತೆ, "ನಿಲ್ಲಸವಾ, ನಮ್ಮ ಬೀಗತಿ ಹೊಂಟಾಳ," ಎಂದರು. ಗುರುತಿನವರನ್ನು ಮಾತಾಡಿಸದೆ ದಾಟುವುದು ಅವರಿಗೆ ಗೊತ್ತೇ ಇಲ್ಲ. ಮತ್ತೆ ಹೊರಡುವಾಗ ಕಾರು ಕುಪ್ಪಳಿಸಿ ಬಂದ್ ಆಯಿತು.

"ಇದಕ್ಕ ಬಿಕ್ಕ ಹತ್ತ್ಯಾವೇನವಾ? ನೀರ ಕುಡಸು," ಎಂದು ಬೀಗತಿ ಸೆರಗು ಬಾಯಿಗಿಟ್ಟು ನಕ್ಕರು.

ಮುಂದೆ ಇನ್ನೊಬ್ಬ ಗುರುತಿನವರಿಗೂ ನಿಲ್ಲಿಸಿದ್ದಾಯಿತು. ಮಾಗಡಿ ಕೆರೆಯ ಹತ್ತಿರ ಮೂರನೆಯವರು ಸಿಕ್ಕರು.

"ಅತ್ತೀ, ಇನ್ನ ಬ್ಯಾಡರಿ. ಕಾಲು ಸೋತೈತ್ರಿ," ಎಂದೆ.

"ಹಿರೇರು ಕೈ ಮಾಡ್ಯಾರ. ಹಂಗ ಹೋದ್ರ ಏನಂದಾರು?"

ಹಿರಿಯರಿಗೆ ಎದುರಾಡಬಾರದೆಂದು ಕಾನ್ವೆಂಟಿನಲ್ಲಿ ಕಲಿತದ್ದು ಇನ್ನೂ ಹೋಗಿಲ್ಲ. ನಿಲ್ಲಿಸಿದೆ. ಆಮೇಲೆ ನಡುಗುವ ಕಾಲಿನಲ್ಲಿ ನಾಲ್ಕು ಸಲ ಪ್ರಯತ್ನಿಸಿದರೂ ಕಾರು ಮುಂದೆ ಹೋಗದೆ ಬಂದ್ ಆಗುತ್ತಲೇ ಇತ್ತು. ಅತ್ತೆ ಮಾತ್ರ ಕಿಟಕಿಯಿಂದ ಆ ಹಿರಿಯರ ಮೊಮ್ಮಕ್ಕಳ ಖಬರು ಕೇಳುತ್ತಿದ್ದರು.

ನಾವು ತಲುಪಿದಾಗ ಎಲ್ಲರ ಕೈಯಲ್ಲೂ ಹೆಸರಿಟ್ಟ ಮೇಲೆ ಹಂಚುವ ಗುಗ್ಗರಿ ಇತ್ತು. ಚಿಕ್ಕಪ್ಪನ ಮಗಳು ಹೆಸರು ಹೇಳಿಯಾಗಿತ್ತು.

"ಮುಹೂರ್ತ ಮೀರತಿತ್ತಕ್ಕಾ," ಎಂದ ತಮ್ಮ, ಮುಖ ತಗ್ಗಿಸಿ.

ಬಾಗಿ ಕೂಸಿನ ಕಿವಿಯಲ್ಲಿ ಅದೇ ಹೆಸರನ್ನು ನಾನೂ ಒಮ್ಮೆ ಹೇಳಿದೆ. ಅದು ನಿದ್ದೆಯಲ್ಲಿತ್ತು. ನನ್ನ ಎಡ ಮೊಳಕಾಲು ಇನ್ನೂ ನಡುಗುತ್ತಿತ್ತು. ಆಸರೆಗೆ ಹಿಡಿದಿದ್ದ ತೊಟ್ಟಿಲೂ ಅದರೊಡನೆ ಅಲುಗುತ್ತಿತ್ತು.