ಬಾಣಂತಿ ಕೋಣೆಯ ಕಿಂಡಿ

ಭತ್ತ ತೂರುವ ಹೊತ್ತಿಗೆ ಬೀಸುವುದೊಂದನ್ನು ಬಿಟ್ಟರೆ, ಬಿಳಗಿ ಕಡೆಯ ಸೂಲಗಿತ್ತಿ ಚೌಡಮ್ಮನ ಬಾಯಲ್ಲಿ ಗಾಳಿ ಎಂಬ ಮಾತಿಗೆ ಒಳ್ಳೆಯ ಅರ್ಥವೇ ಇರಲಿಲ್ಲ. ಹುಣಸೆಮರದ ಕೆಳಗೆ ಹೆದರಿಕೊಂಡವರಿಗೆ ಹಿಡಿಯುವುದು ಗಾಳಿ, ಕೂಸು ರಚ್ಚೆ ಹಿಡಿದರೆ ಗಾಳಿ, ಬಾಣಂತಿಗೆ ಸನ್ನಿಯಾದರೆ ಅದೂ ಗಾಳಿ. ಹೆರಿಗೆಯಾದ ಮನೆಯಲ್ಲಿ ಕೈ ತೊಳೆದವಳೇ ಅವಳು ಮೊದಲು ಮಾಡುತ್ತಿದ್ದ ಕೆಲಸ, ಗೋಡೆಯ ಗಾಳಿಕಿಂಡಿಗೆ ಗೋಣಿ ತುರುಕುವುದು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ಅವಳ ಕೈಗುಣವನ್ನು ಊರಿಗೆ ಊರೇ ನಂಬಿತ್ತು.

ಐವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ಅವಳ ಒಬ್ಬಳೇ ಮಗಳು ಮಂಜಿ ತವರಿಗೆ ಬಂದು ಗಂಡುಕೂಸು ಹೆತ್ತಳು. ಮಗಳೆಂದರೆ ಜೋಪಾನ ಹೆಚ್ಚು. ಆ ಜೋಪಾನಕ್ಕಿಷ್ಟು ಬೆಂಕಿ ಹಾಕಬೇಕು. ಕಿಂಡಿಯ ಗೋಣಿಯ ಮೇಲೆ ಸಗಣಿ ಮೆತ್ತಿದಳು. ಒಂದರ ಬದಲು ಎರಡು ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿ ಹೊತ್ತಿಸಿಟ್ಟಳು. ಐದನೆಯ ದಿನ ಬೆಳಿಗ್ಗೆ ಅವಳು ಕೂಸನ್ನು ಮೀಯಿಸಲು ಎತ್ತಿಕೊಂಡಾಗ ಮಂಜಿ, "ಅವ್ವಾ, ತಲೆ ಸಿಡಿತೈತೆ. ಆ ಕಿಂಡಿ ಒಂಚೂರು ತೆಗಿ," ಎಂದಳು. ಚೌಡಮ್ಮ ಗದರಿಸಿ ಬಾಗಿಲನ್ನೂ ಎಳೆದುಕೊಂಡು ಹೋದಳು. ಕೂಸು ಮಿಂದು ಅಂಗಳದ ಬಿಸಿಲಿನಲ್ಲಿ ನಿದ್ದೆಹೋಯಿತು. ಮಗಳೂ ಮಲಗಿರಲಿ ಎಂದು ಅವಳು ಅಕ್ಕಿ ಕೇರುತ್ತ ಕೂತಳು. ಗಂಜಿ ಕೊಡಲು ಬಾಗಿಲು ತೆಗೆದಾಗ ಮಂಜಿಯ ಮುಖ ಕೆಂಪಗಿತ್ತು. ಉಸಿರಿರಲಿಲ್ಲ.

ಗಾಳಿ ಸೋಕಿತು ಎಂದರು ಊರವರು. ಚೌಡಮ್ಮನೂ ಹಾಗೆಂದೇ ಎದೆ ಬಡಿದುಕೊಂಡಳು. ವಾರದ ಮೇಲೆ ಕೂಸನ್ನು ನೋಡಲು ಸಿದ್ದಾಪುರದಿಂದ ಬಂದ ನರ್ಸಮ್ಮ ಆ ಕೋಣೆಯಲ್ಲಿ ನಿಂತು, ಮುಚ್ಚಿದ ಕಡೆ ಇದ್ದಿಲಿನ ಕೆಂಡ ಹೊಗೆ ಕಾಣಿಸದೆಯೇ ವಿಷವಾಗುತ್ತದೆ, ಕಿಂಡಿ ತೆರೆದಿದ್ದರೆ ಮಗಳು ಬದುಕುತ್ತಿದ್ದಳು ಎಂದು ಮೆಲ್ಲಗೆ ಹೇಳಿದಳು. ಚೌಡಮ್ಮ ಅದನ್ನು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಹೆತ್ತವಳು ಹೇಗೆ ಹೇಳಿಯಾಳು?

ಮರುವರ್ಷ ಕೆರಿಯಪ್ಪನ ಹೆಂಡತಿ ನಾಗಿಯ ಹೆರಿಗೆಗೆ ಕರೆ ಬಂತು. ಹೆರಿಗೆ ಸುಸೂತ್ರವಾಯಿತು. ಮನೆಯವರು ಮೊದಲೇ ತುರುಕಿಟ್ಟಿದ್ದ ಗೋಣಿಯನ್ನು ಚೌಡಮ್ಮ ಕಿಂಡಿಯಿಂದ ಕಿತ್ತಳು. ನಾಗಿಯ ಅತ್ತೆ ವೆಂಕಮ್ಮ ಅವಳ ರಟ್ಟೆ ಹಿಡಿದಳು.

"ನಿನ್ ಮಗಳನ್ನೇ ಗಾಳಿ ತಿಂತು. ಈಗ ನನ್ ಸೊಸೀಗೂ ಗಾಳಿ ಬಿಡ್ತೀಯಾ?"

ಗೋಣಿ ಮತ್ತೆ ಕಿಂಡಿ ಸೇರಿತು. ಅಗ್ಗಿಷ್ಟಿಕೆಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಚೌಡಮ್ಮನ ಮಾನ ಉಳಿಯುತ್ತಿತ್ತು. ನಾಗಿ ಉಳಿಯುತ್ತಿದ್ದಳೋ ಇಲ್ಲವೋ.

"ಮಂಜೀನ ಗಾಳಿ ತಿನ್ಲಿಲ್ಲ ವೆಂಕಮ್ಮಾ," ಎಂದಳು. "ಅದು ಗಾಳಿ ಕೇಳ್ತು. ನಾನು ಕೊಡ್ಲಿಲ್ಲ. ನಾನೇ ಕೊಂದಿದ್ದು."

ಕೆಂಡ ಮಾಡಿದ ಕೆಲಸವನ್ನೂ ನರ್ಸಮ್ಮನ ಮಾತನ್ನೂ ಒಂದೂ ಬಿಡದೆ ಹೇಳಿದಳು. ವೆಂಕಮ್ಮ ರಟ್ಟೆ ಬಿಟ್ಟು, ಗೋಣಿಯನ್ನು ತಾನೇ ಎಳೆದು ಹೊರಗೆಸೆದಳು. ಆಮೇಲೆ ಮುಖ ತಿರುಗಿಸಿ, ನಾಳೆಯಿಂದ ಕೂಸು ಮೀಯಿಸಲು ಬರುವುದು ಬೇಡ ಎಂದಳು.

ನಾಗಿ ಬದುಕಿದಳು. ಮಗಳನ್ನು ಕೊಂದವಳು ಎಂಬ ಸುದ್ದಿಯಷ್ಟೇ ಊರೂರು ಸುತ್ತಿತು. ಮುಂದೆ ಯಾರೂ ಚೌಡಮ್ಮನನ್ನು ಹೆರಿಗೆಗೆ ಕರೆಯಲಿಲ್ಲ. ಹೆರಿಗೆಯಾದ ಮನೆಗಳಲ್ಲಿ ಕಿಂಡಿ ತೆಗೆಸುವವರೂ ಇರಲಿಲ್ಲ.