ಅಜ್ಜಿ ಪೂರ್ತಿ ಮಾಡಿದ ಹೂವು

ಹೋದ ತಿಂಗಳು ಆಸ್ಟಿನ್‌ನಲ್ಲಿ ಮಗಳ ಹೊಸ ಮನೆಗೆ ಸೋಫಾ ನೋಡಲು ಹೋಗಿದ್ದೆವು. ಅಂಗಡಿಯ ಮೂಲೆಯಲ್ಲಿ ದಿಂಬುಗಳ ರಾಶಿ ಇತ್ತು. ಬಿಳಿ ಬಟ್ಟೆಯ ಮೇಲೆ ತಟ್ಟೆಯಗಲದ ಕೆಂಪು ಹೂಗಳು, ಸುತ್ತ ಕಪ್ಪು ಬಳ್ಳಿ. ಒಂದನ್ನು ತಿರುಗಿಸಿ ನೋಡಿದೆ, ಮಷೀನಿನ ಕೆಲಸ. ಮಗಳು “ಸೋ ಪ್ರೆಟಿ, ಅಮ್ಮಾ” ಎನ್ನುತ್ತ ನಾಲ್ಕು ಎತ್ತಿಕೊಂಡಳು. ನಾನು ಅವಳ ಕೈಯಿಂದ ಕಿತ್ತು ರಾಶಿಗೇ ಎಸೆದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯವರಿಗೆಲ್ಲ ಗೊತ್ತು. ಆವತ್ತು ಯಾಕೆ ಬಂತೆಂದು ಮಾತ್ರ ಹೇಳಲಿಲ್ಲ...

ಇಪ್ಪತ್ತೈದು ವರ್ಷಕ್ಕೂ ಹಿಂದೆ, ಮಗಳು ಹುಟ್ಟುವ ಮೊದಲು, ನಾವು ಇರ್ವಿಂಗ್‌ನ ಹಳೇ ಅಪಾರ್ಟ್‌ಮೆಂಟೊಂದರ ಕೆಳಮನೆಯಲ್ಲಿದ್ದೆವು. ಗಂಡ ಲಾಸ್ ಕೊಲಿನಾಸ್‌ನ ಆಫೀಸಿಗೆ ಹೋದರೆ ನಾನು ಒಬ್ಬಳೇ. ಮೇಲಿನ ಮನೆಗೆ ಉಜ್ಬೆಕಿಸ್ತಾನದ ಬುಖಾರಾದಿಂದ ಒಬ್ಬ ಅಜ್ಜಿ ಮಗಳ ಬಾಣಂತನಕ್ಕೆ ಬಂದಳು. ಬಟ್ಟೆ ಒಗೆಯುವ ರೂಮಿನಲ್ಲಿ ನಾನು ಕಸೂತಿ ಹಾಕುತ್ತ ಕುಳಿತಿದ್ದಾಗ ಬಂದು ಪಕ್ಕದಲ್ಲಿ ಕುಳಿತವಳು ಮರುದಿನವೂ ಬಂದಳು. ಅವಳಿಗೆ ನನ್ನ ಧಾರವಾಡದ ಕನ್ನಡ ಬಾರದು, ನನಗೆ ಅವಳ ಭಾಷೆ ಬಾರದು. ಚಿಕ್ಕಂದಿನಿಂದ ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿ ಅವಳದು. ಪ್ರೀತಿಗೂ ಕೊಲೆಗೂ ಬೇಕಾದ ಮಾತೆಲ್ಲ ಇತ್ತು, ಉಪ್ಪು ಸಾಬೂನಿಗೆ ಮಾತ್ರ ಇರಲಿಲ್ಲ. ಅಷ್ಟರಲ್ಲೇ ನಮ್ಮ ಸ್ನೇಹ ನಡೆಯಿತು.

ಅಜ್ಜಿಯ ಮಗಳ ಮಂಚದ ಮೇಲ್ಗಡೆ ಗೋಡೆ ತುಂಬ ಒಂದು ಬಟ್ಟೆ ತೂಗುಹಾಕಿದ್ದರು. ಸುಜನಿ ಎನ್ನುತ್ತಾರೆ, ಆ ದಿಂಬುಗಳ ಮೇಲಿದ್ದಂಥದೇ ಕೆಂಪು ಹೂಗಳು. ಮಗಳಿಗೆ ಆರು ವರ್ಷವಾದಾಗಲೇ ಅಜ್ಜಿ ಶುರು ಮಾಡಿದ್ದಂತೆ. ಊರಿನ ಒಬ್ಬ ಮುದುಕಿ ಚಿತ್ರ ಬರೆದುಕೊಟ್ಟ ಮೇಲೆ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ಚಿಕ್ಕಮ್ಮ, ಸೋದರತ್ತೆ, ಅಕ್ಕಂದಿರಿಗೆಲ್ಲ ಹಂಚಿ, ಮದುವೆಯ ಹೊತ್ತಿಗೆ ಮತ್ತೆ ಜೋಡಿಸಿ ಹೊಲಿದದ್ದು. ಕೂಡಿಸಿದ ಕಡೆ ಹೂಗಳು ಒಂದಕ್ಕೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಚಾಕುಗಳು, ಕೆಟ್ಟದ್ದು ಒಳಗೆ ಬಾರದಿರಲಿ ಎಂದು. ಕೆಳಗಿನ ಮೂಲೆಯಲ್ಲಿ ಒಂದು ಹೂವಿಗೆ ಬರೀ ಗೆರೆ ಇತ್ತು, ದಾರವೇ ತುಂಬಿರಲಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ನನ್ನ ಕೈ ಕೇಳಬೇಕಲ್ಲ, ಸೂಜಿ ತೆಗೆದೇಬಿಟ್ಟೆ. ಅಜ್ಜಿ ಹಾರಿ ಬಂದು ಅದನ್ನು ಕಿತ್ತುಕೊಂಡು ಕಿಟಕಿಯಾಚೆ ಎಸೆದಳು. ಆಮೇಲೆ ಮಗಳು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ತಾಯಿಯಾದವಳು ಒಂದು ಹೂವನ್ನು ಬೇಕೆಂದೇ ಬಿಡುತ್ತಾಳೆ. ಅದು ಬಾಕಿ ಇರುವ ತನಕ ಸಂಸಾರ ಮುಂದುವರಿಯುತ್ತದೆ. ತುಂಬಿದರೆ ಸಂಸಾರ ಮುಗಿಯಿತು ಎಂದರ್ಥ.

ಅಜ್ಜಿಯ ಅಳಿಯ ನೋಡಲು ಬಲು ಮರ್ಯಾದಸ್ತ. ನನ್ನ ಕೈಯಲ್ಲಿ ದಿನಸಿ ಚೀಲ ಕಂಡರೆ ಓಡಿಬಂದು ಇಸಿದುಕೊಳ್ಳುತ್ತಿದ್ದ. ಅದೇ ಕೈಯ ಸದ್ದು ನಮ್ಮ ಮಾಳಿಗೆಯ ಮೇಲೆ ಕೇಳುತ್ತಿತ್ತು. ಮೊದಲು ಪಾತ್ರೆ ಬಿದ್ದಂತೆ, ಆಮೇಲೆ ಮನುಷ್ಯರು ಬಿದ್ದಂತೆ. ಕೂಸು ಕಿರುಚುತ್ತಿತ್ತು. ಆ ಹುಡುಗಿಯ ಕುತ್ತಿಗೆಯ ಮೇಲೆ ಬೆರಳಿನ ಗುರುತು ಕಂಡ ದಿನ ಪೊಲೀಸರಿಗೆ ಫೋನ್ ಮಾಡೋಣವೇ ಎಂದು ಗಂಡನನ್ನು ಕೇಳಿದೆ.

“ನಮಗ್ಯಾಕ ಬೇಕ ಅದು? ನಾವ ವೀಸಾದ ಮ್ಯಾಲ ಬಂದವರು. ಸುಮ್ಮನಿರು” ಎಂದ.

ಸುಮ್ಮನಿದ್ದೆ. ಗಂಡ ಹೇಳಿದ್ದಕ್ಕಲ್ಲ, ನನಗೂ ಹೆದರಿಕೆಯಿತ್ತು. ಸದ್ದು ಶುರುವಾದರೆ ಟಿವಿ ಜೋರು ಮಾಡುತ್ತಿದ್ದೆ. ಥೂ ನನ್ನ ಜನ್ಮಕ್ಕೆ.

ಮಗಳನ್ನು ಕರೆದುಕೊಂಡು ಹೋಗಿಬಿಡಬಾರದೇ ಎಂದು ಅಜ್ಜಿಯನ್ನು ಒಮ್ಮೆ ಕೇಳಿದ್ದೆ. ಅವಳು ಮುಂಗೈಯ ಹಳೆಯ ಸುಟ್ಟ ಕಲೆ ತೋರಿಸಿ, ಇದು ನನ್ನ ಗಂಡನದು ಎಂದಳು. ತಾನು ತವರಿಗೆ ಓಡಿಹೋದಾಗ ತನ್ನ ತಾಯಿ ಹೂವು ಇನ್ನೂ ಬಾಕಿ ಇದೆ ಎಂದು ಹೇಳಿ ವಾಪಸು ಕಳಿಸಿದ್ದಳಂತೆ. ಅದೇ ಮಾತನ್ನು ಅಜ್ಜಿ ಮಗಳಿಗೂ ಹೇಳುತ್ತಿದ್ದಳು. ಕೇಳಿ ನನ್ನ ಮೈ ಉರಿದುಹೋಯಿತು.

ಆ ಶನಿವಾರ ಮಧ್ಯಾಹ್ನ ಮೇಲೆ ಏನೋ ಲಟಕ್ಕೆಂದು ಮುರಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಕೆಳಗಿಳಿದು ಬಂದಳು. ಅಳುತ್ತಿರಲಿಲ್ಲ. ಕೆಂಪು ದಾರ ಬೇಕು ಎಂದಳು. ನಾನು ಗಾಬರಿಯಲ್ಲಿ ಕಸೂತಿ ಡಬ್ಬಿಯಿಂದ ಲಡಿ ತೆಗೆದುಕೊಟ್ಟು ಅವಳ ಹಿಂದೆಯೇ ಮೆಟ್ಟಿಲು ಹತ್ತಿದೆ. ಹುಡುಗಿ ನೆಲದ ಮೇಲೆ ಕೂತಿದ್ದಳು, ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು. ಅಜ್ಜಿ ಗೋಡೆಯ ಬಟ್ಟೆ ಎಳೆದು ಮಂಚದ ಮೇಲೆ ಹರಡಿಕೊಂಡು ಆ ಹೂವನ್ನು ತುಂಬತೊಡಗಿದಳು. ಅಯ್ಯೋ, ದಾರ ಯಾಕೆ ಕೇಳಿದಳೆಂದು ನನಗೆ ಆಗ ಹೊಳೆಯಿತು.

ಅಳಿಯ ಬಾಗಿಲಿಗೆ ಬಂದ. ಅವನೂ ಅದೇ ಊರಿನವನು, ಯಾರೂ ಅವನಿಗೆ ಅರ್ಥ ಹೇಳಬೇಕಿರಲಿಲ್ಲ. ಮೊದಲು ನಕ್ಕ. ಆಮೇಲೆ ಬಟ್ಟೆಗೆ ಕೈ ಹಾಕಿದ. ಅಜ್ಜಿ ಸೂಜಿಯನ್ನು ಅವನ ಅಂಗೈಗೆ ಪೂರ್ತಿ ಇಳಿಸಿದಳು. ಅವನು ಕೂಗುತ್ತ ಅವಳ ಜಡೆ ಹಿಡಿದು ಎತ್ತಿ ಮಂಚದ ಕಟ್ಟಿಗೆಗೆ ತಲೆ ಬಡಿದ. ಒಂದು ಸಲವಲ್ಲ... ನಾನು ಕಿರುಚಿಕೊಂಡೇ ಅಡುಗೆಮನೆಯ ಫೋನಿಗೆ ಓಡಿ ನೈನ್ ಒನ್ ಒನ್ ಒತ್ತಿದೆ. ಅದನ್ನು ಕೇಳಿ ಅವನು ಕೆಳಗೆ ಓಡಿದ.

ನಾನು ವಾಪಸು ಬಂದಾಗ ಅಜ್ಜಿ ಮತ್ತೆ ಹೊಲಿಯುತ್ತಿದ್ದಳು. ಕಿವಿಯ ಹಿಂದಿನಿಂದ ರಕ್ತ ಇಳಿದು ಕುಪ್ಪಸ ನೆನೆದಿತ್ತು. ಮಲಗು ಎಂದು ಕೈ ಹಿಡಿದರೆ ಕೊಸರಿಕೊಂಡಳು. ಪೊಲೀಸರು ಮೆಟ್ಟಿಲು ಹತ್ತುವ ಸದ್ದು ಕೇಳುವಾಗ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಮಗಳ ಮುಖ ನೋಡಿದಳು.

“ತಮಾಮ್” ಎಂದಳು. ಮುಗಿಯಿತು ಎಂದು.

ಸಂಜೆ ಆಸ್ಪತ್ರೆಯಲ್ಲಿ ಅವಳಿಗೆ ಪ್ರಜ್ಞೆ ತಪ್ಪಿತು. ಮೂರನೆಯ ದಿನ ಹೋಗಿಬಿಟ್ಟಳು. ಅವನನ್ನು ಹಿಡಿದು ಒಳಗೆ ಹಾಕಿದ್ದರು. ಕಂಡದ್ದನ್ನೆಲ್ಲ ನಾನು ಪೊಲೀಸರಿಗೆ ಹೇಳಿದೆ. ಮೊದಲೇ ಹೇಳಿದ್ದರೆ ಮುದುಕಿ ಉಳಿಯುತ್ತಿದ್ದಳು.

ಇನ್ನೊಂದು ವಾರ ಕಳೆದು ಆ ಹುಡುಗಿ ನಮ್ಮ ಬಾಗಿಲು ತಟ್ಟಿದಳು. ಬಲಗೈಗೆ ಪ್ಲಾಸ್ಟರ್, ಎಡಗೈಯಲ್ಲಿ ಕೂಸು, ಹೆಗಲ ಮೇಲೆ ಆ ಬಟ್ಟೆ. ಗಂಡನ ಅಣ್ಣ ಹೂಸ್ಟನ್‌ನಿಂದ ಬಂದಿದ್ದಾನಂತೆ. ಅಮ್ಮ ತಾನಾಗಿ ಜಾರಿಬಿದ್ದಳು ಎಂದು ಪೊಲೀಸರಿಗೆ ಹೇಳಬೇಕು, ಹೂವನ್ನು ಬಿಚ್ಚಿ ಮೊದಲಿನಂತೆ ಮಾಡಬೇಕು. ಹಾಗಾದರೆ ಮಾತ್ರ ಅವಳನ್ನೂ ಕೂಸನ್ನೂ ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನಂತೆ. ಬೇರೆ ಎಲ್ಲಿ ಹೋಗಲಿ ಎಂದು ಕೇಳಿದಳು. ನಮ್ಮ ಮನೆಯಲ್ಲಿರು ಎಂದು ನಾನು ಹೇಳಲಿಲ್ಲ.

“ನನ್ನ ಕೈಲಿ ಆಗಲ್ಲ, ಓಪಾ. ನೀನೇ ಬಿಚ್ಚಿಕೊಡು” ಎಂದಳು. ಓಪಾ ಎಂದರೆ ಅಕ್ಕ.

ಬಟ್ಟೆ ಬಿಡಿಸಿ ನೋಡಿದೆ. ಆ ಹೂವಿನ ಅರ್ಧ ನೀಟಾಗಿತ್ತು, ಇನ್ನರ್ಧ ಕಣ್ಣು ಕಾಣದವರು ಹೊಲಿದ ಹಾಗೆ ಅಡ್ಡಾದಿಡ್ಡಿ. ಮೇಲೆ ರಕ್ತ ಒಣಗಿತ್ತು. ಇದಕ್ಕಾಗಿ ಪ್ರಾಣ ಬಿಟ್ಟಳಲ್ಲ, ಇವಳು ಬಿಚ್ಚು ಎನ್ನುತ್ತಾಳಲ್ಲ... ನನಗೆ ಏನಾಯಿತೋ ಗೊತ್ತಿಲ್ಲ. ಫಟಾರೆಂದು ಅವಳ ಕೆನ್ನೆಗೆ ಬಾರಿಸಿದೆ.

ಅವಳು ಹೌಹಾರಲಿಲ್ಲ. ಅಳಲೂ ಇಲ್ಲ. ಇನ್ನೊಂದು ಏಟು ಬಿದ್ದರೆ ಕೂಸಿಗೆ ತಾಗದಿರಲೆಂದು ಕೂಸನ್ನು ಮೆಲ್ಲಗೆ ಗೋಡೆಯ ಕಡೆಗೆ ಸರಿಸಿಕೊಂಡು ತಲೆ ತಗ್ಗಿಸಿ ನಿಂತಳು. ಅವನ ಮುಂದೆಯೂ ಹೀಗೆಯೇ ನಿಲ್ಲುತ್ತಿದ್ದಳೆಂದು ನನಗೆ ಗೊತ್ತಾಯಿತು. ತಪ್ಪಾಯಿತು ಎನ್ನುವಷ್ಟರಲ್ಲಿ ಬಟ್ಟೆ ತೆಗೆದುಕೊಂಡು ಹೊರಟುಹೋದಳು. ಹೂಸ್ಟನ್‌ಗೆ ಹೋದಳೆಂದು ಕೇಳಿದೆ. ಹೂವನ್ನು ಯಾರು ಬಿಚ್ಚಿದರೋ, ಬಿಚ್ಚಿದರೋ ಇಲ್ಲವೋ ತಿಳಿಯಲಿಲ್ಲ. ಆ ಕೂಸಿಗೆ ಈಗ ನನ್ನ ಆಗಿನ ವಯಸ್ಸಾಗಿರಬೇಕು.

ಅಜ್ಜಿಯ ಕಥೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಹೇಳುವಾಗಲೆಲ್ಲ ಅತ್ತಿದ್ದೇನೆ. ಅವಳ ಮಗಳಿಗೆ ನಾನೂ ಹೊಡೆದೆ ಎಂಬುದು ಇವತ್ತಿನವರೆಗೆ ನನ್ನ ಗಂಡನಿಗೂ ಗೊತ್ತಿಲ್ಲ.